ಅಮೀರಬಾಯಿಯ ದನಿ: ಪರದೆಯದೋ, ತಟ್ಟೆಯದೋ?



ಬೀಳಗಿ ಇವತ್ತಿಗೂ ದೊಡ್ಡ ಊರೇನಲ್ಲ. ಆಲಮಟ್ಟಿ ಹಿನ್ನೀರಿಗೆ ತನ್ನ ತಾಲೂಕಿನ ಎಷ್ಟೋ ಹಳ್ಳಿಗಳನ್ನು ಬಿಟ್ಟುಕೊಟ್ಟ ಊರು ಎಂದು ಹೊರಗಿನವರಿಗೆ ಅದರ ಪರಿಚಯ. ಆದರೆ 1943ರಲ್ಲಿ ಮುಂಬಯಿಯಿಂದ ಕಲಕತ್ತೆಯವರೆಗೆ ಜನ ಟಿಕೆಟ್ಟು ಕೊಂಡು ಮತ್ತೆ ಮತ್ತೆ ಕೇಳಿದ ದನಿ ಬೀಳಗಿಯದು. ಬಾಂಬೆ ಟಾಕೀಸಿನ 'ಕಿಸ್ಮತ್' ಚಿತ್ರದಲ್ಲಿ ನಾಯಕಿ ಮುಮ್ತಾಜ್ ಶಾಂತಿ ತುಟಿ ಆಡಿಸಿದಳು, ಹಾಡಿದವಳು ಅಮೀರಬಾಯಿ ಕರ್ನಾಟಕಿ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಮರುವರ್ಷವೇ ನೌಷಾದರ 'ರತನ್' ಬಂತು, ಅದರಲ್ಲಿಯೂ ಅಮೀರಬಾಯಿ ಇದ್ದಳು. 1948ರ 'ಶೆಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಅವಳೇ ಮಾಡಿದಳು. ಹೆಂಗಸೊಬ್ಬಳು ವಾದ್ಯವೃಂದದ ಎದುರು ನಿಂತು ಕೈಬೀಸುವುದು ಅಂದಿನ ಮುಂಬಯಿಯಲ್ಲಿ ಬಲು ಅಪರೂಪದ ಮಾತು. 1965ರ ಮಾರ್ಚಿಯಲ್ಲಿ ಅವಳು ತೀರಿಕೊಂಡಳು. ವಿಜಾಪುರದಲ್ಲಿ ಅವಳ ಹೆಸರು 'ಅಮೀರ್ ಟಾಕೀಜ್' ಆಗಿ ಉಳಿಯಿತು.

ಇಂಥ ಗಾಯಕಿಯ ಹಾಡು ಬೇಕೆಂದು ಜಮಖಂಡಿಯಲ್ಲೋ ಬನಹಟ್ಟಿಯಲ್ಲೋ ಒಬ್ಬ ಸಂಗ್ರಾಹಕ ಹೊರಟನೆನ್ನಿ. ಅವನ ಕೈಗೆ ಒಂದೇ ಹಾಡಿನ ನಾಲ್ಕು ರೂಪಗಳು ಸಿಗಬಹುದು. ಒಂದು, ಗುಜರಿಯವನ ಮೂಲೆಯಲ್ಲಿ ಧೂಳು ಹಿಡಿದ 78 ಸುತ್ತಿನ ಅರಗಿನ ತಟ್ಟೆ. ಎರಡು, ಚಲನಚಿತ್ರದ ಪ್ರತಿಯಿಂದಲೇ ಇಳಿಸಿಕೊಂಡ ದನಿ. ಮೂರು, ಹಳೆಯ ತಟ್ಟೆಯನ್ನು ತೊಳೆದು ತಿಕ್ಕಿ ಹೊಸ ಹೊದಿಕೆ ಹೊದಿಸಿದ ಕ್ಯಾಸೆಟ್ಟು ಅಥವಾ ಸಿ.ಡಿ. ನಾಲ್ಕು, ಬೇರೊಬ್ಬ ಗಾಯಕಿ ಹೊಸ ವಾದ್ಯಗಳೊಡನೆ ಮತ್ತೆ ಹಾಡಿದ್ದು. ನಾಲ್ಕರ ಮೇಲೂ ಹಾಡಿನ ಹೆಸರು ಒಂದೇ, ಚಿತ್ರದ ಹೆಸರೂ ಒಂದೇ. ಮೊದಲಿನೆರಡು ಒಂದೇ ಅಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಅಲ್ಲ. ಇಲ್ಲಿಯೇ ಗಂಟು ಇರುವುದು.

ಇವತ್ತು ಹಾಡೊಂದನ್ನು ಸ್ಟುಡಿಯೋದಲ್ಲಿ ಒಮ್ಮೆ ಹಾಡಿದರೆ ಅದೇ ದನಿ ಚಿತ್ರಕ್ಕೂ ಹೋಗುತ್ತದೆ, ಮಾರಾಟಕ್ಕೂ ಹೋಗುತ್ತದೆ. 1930 ಮತ್ತು 40ರ ದಶಕಗಳಲ್ಲಿ ಹಾಗಿರಲಿಲ್ಲ. ಚಿತ್ರದ ದನಿಯನ್ನು ಬೆಳಕಿನ ಗೆರೆಯಾಗಿ ಫಿಲ್ಮಿನ ಅಂಚಿನ ಮೇಲೆ ಬರೆಯುತ್ತಿದ್ದರು. ಗ್ರಾಮಫೋನ್ ಕಂಪನಿಯವರು ದನಿಯನ್ನು ಮೇಣದ ತಟ್ಟೆಯ ಮೇಲೆ ಮುಳ್ಳಿನಿಂದ ಕೊರೆಯುತ್ತಿದ್ದರು. ಮುಳ್ಳು ಕೊರೆದದ್ದನ್ನು ತಿದ್ದಲು, ಕತ್ತರಿಸಲು, ಅಂಟಿಸಲು ಬರುವುದಿಲ್ಲ. ಎರಡರ ನಡುವೆ ಮಧ್ಯಸ್ಥಿಕೆ ವಹಿಸಬೇಕಾದ ಆಯಸ್ಕಾಂತದ ಟೇಪು ನಮ್ಮ ಸ್ಟುಡಿಯೋಗಳಿಗೆ ಬಂದದ್ದು ಆಮೇಲೆ. ಆದ್ದರಿಂದ ಗಾಯಕಿ ಚಿತ್ರಕ್ಕೆಂದು ಒಮ್ಮೆ, ತಟ್ಟೆಗೆಂದು ಇನ್ನೊಮ್ಮೆ ಹಾಡುವುದು ಸಾಮಾನ್ಯವಾಗಿತ್ತು. ಬೇರೆ ದಿನ, ಬೇರೆ ಕೋಣೆ, ಎಷ್ಟೋ ಸಲ ಬೇರೆ ವಾದ್ಯಗಾರರು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವುದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು. ಚಿತ್ರದಲ್ಲಿ ಐದು ನಿಮಿಷ ಹರಿದ ಹಾಡು ತಟ್ಟೆಗೆ ಬರುವಾಗ ಒಂದು ಚರಣ ಕಳೆದುಕೊಳ್ಳಬೇಕು, ಇಲ್ಲವೇ ಲಯ ಏರಿಸಿಕೊಳ್ಳಬೇಕು, ಇಲ್ಲವೇ ಎರಡು ಮಗ್ಗುಲಿಗೆ ಹಂಚಿಕೊಳ್ಳಬೇಕು.

ಇದಕ್ಕೆ ಎಲ್ಲರೂ ಒಪ್ಪುವ ಉದಾಹರಣೆ ಸೈಗಲ್‌ರದು. 1938ರ 'ಸ್ಟ್ರೀಟ್ ಸಿಂಗರ್' ಚಿತ್ರದಲ್ಲಿ 'ಬಾಬುಲ್ ಮೋರಾ' ಠುಮರಿಯನ್ನು ಅವರು ಕ್ಯಾಮರಾದ ಮುಂದೆ ನಡೆಯುತ್ತ ನಡೆಯುತ್ತಲೇ ಹಾಡಿದರು. ಹಿನ್ನೆಲೆ ಗಾಯನ ಆಗಲೇ ರೂಢಿಗೆ ಬಂದಿತ್ತು. ಅದೇ ನ್ಯೂ ಥಿಯೇಟರ್ಸ್ ಕಂಪನಿ 1935ರಲ್ಲಿಯೇ 'ಧೂಪ್ ಛಾಂವ್' ಚಿತ್ರದಲ್ಲಿ ಅದನ್ನು ಬಳಸಿತ್ತು. ಆದರೂ ಸೈಗಲ್ ನೇರವಾಗಿಯೇ ಹಾಡುತ್ತೇನೆಂದು ಹಟ ಹಿಡಿದರು. ವಾದ್ಯಗಾರರೂ ಮೈಕೂ ಅವರ ಹಿಂದೆ ಹಿಂದೆ ಸಾಗಬೇಕಾಯಿತು. ತಟ್ಟೆಯ ಮೇಲಿನ 'ಬಾಬುಲ್ ಮೋರಾ' ಆ ನಡಿಗೆಯದಲ್ಲ, ಮುಚ್ಚಿದ ಕೋಣೆಯಲ್ಲಿ ನಿಂತ ಗಾಯಕನದು. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಒಂದರಲ್ಲಿ ಬೀದಿ ಇದೆ, ಇನ್ನೊಂದರಲ್ಲಿ ಸ್ವರ ಇದೆ. ಯಾವುದು ಮೂಲ, ಯಾವುದು ಮರುಮುದ್ರಣ? ಕಾಲದಲ್ಲಿ ಚಿತ್ರದ್ದು ಮೊದಲು ಇರಬಹುದು. ಆದರೆ ನಾಡಿನ ಕಿವಿಯಲ್ಲಿ ಕುಳಿತದ್ದು ತಟ್ಟೆಯದು.

'ಕಿಸ್ಮತ್'ನ ವಿಷಯಕ್ಕೆ ಬಂದರೆ ತೊಡಕು ಇನ್ನೂ ಸ್ವಾರಸ್ಯಕರ. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಮೋಡಕ್ಕೆ ಮೆಲ್ಲಗೆ ಬಾ ಎಂದು ಹೇಳುವ 'ಧೀರೇ ಧೀರೇ ಆ' ಹಾಡು ಅಮೀರಬಾಯಿಯ ಒಂಟಿ ದನಿಯಲ್ಲಿ ಒಂದು, ಯುಗಳಗೀತೆಯಾಗಿ ಇನ್ನೊಂದು, ಹೀಗೆ ಎರಡು ರೂಪದಲ್ಲಿದೆ. ಯುಗಳಗೀತೆಯ ಗಂಡುದನಿಯ ಎದುರು ಕೆಲವು ಪಟ್ಟಿಗಳು ನಾಯಕನಟ ಅಶೋಕಕುಮಾರನ ಹೆಸರು ಬರೆದರೆ ಕೆಲವು ಅರುಣಕುಮಾರನ ಹೆಸರು ಬರೆದಿವೆ. ಪಟ್ಟಿ ಮಾಡುವವರು ಒಬ್ಬರು ಪರದೆಯನ್ನೂ ಒಬ್ಬರು ತಟ್ಟೆಯನ್ನೂ ಮುಂದಿಟ್ಟುಕೊಂಡು ಕುಳಿತರೆ ಇಂಥ ಜಗಳ ಹುಟ್ಟದೆ ಇರುತ್ತದೆಯೇ? ಹಾಡಿನ ಹೆಸರು ಬರೆದು ಕೈತೊಳೆದುಕೊಳ್ಳುವ ಸಂಗ್ರಾಹಕನಿಗೆ ಈ ಜಗಳ ಗೊತ್ತೇ ಆಗುವುದಿಲ್ಲ. ಇದು ಚಿತ್ರದಿಂದ ಬಂದದ್ದು, ಇದು ತಟ್ಟೆಯಿಂದ ಬಂದದ್ದು ಎಂದು ಬರೆದಿಟ್ಟುಕೊಂಡವನಿಗೆ ಅದು ಅರ್ಧ ಬಗೆಹರಿದಂತೆಯೇ.

ಅದೇ ಚಿತ್ರದ ಮೊದಲ ಭಾಗದಲ್ಲಿ ನಾಟಕದ ರಂಗದ ಮೇಲೆ ನಡೆಯುವ ದೇಶಭಕ್ತಿಯ ಮೇಳಗೀತೆಯಿದೆ. ಯುದ್ಧದ ದಿನಗಳಲ್ಲಿ ಜರ್ಮನಿ, ಜಪಾನಿನ ಹೆಸರು ಹೇಳಿ ಬ್ರಿಟಿಷ್ ಸೆನ್ಸಾರಿನ ಕಣ್ಣು ತಪ್ಪಿಸಿಕೊಂಡ ಹಾಡೆಂದು ಅದು ಪ್ರಸಿದ್ಧ. ಇಂಥ ಹಾಡನ್ನು ಪರದೆಯ ಮೇಲೆಯೇ ನೋಡಬೇಕು. ರಂಗ, ಮೇಳ, ಕೂತ ಪ್ರೇಕ್ಷಕರು ಎಲ್ಲ ಸೇರಿ ಅದರ ಅರ್ಥ. ಒಂಟಿ ದನಿಯ ಮೋಡದ ಹಾಡಿಗಾದರೆ ತಟ್ಟೆಯೇ ವಾಸಿ. ಒಂದೇ ಚಿತ್ರದ ಎರಡು ಹಾಡುಗಳಿಗೆ ಎರಡು ತೀರ್ಪು ಕೊಡಬೇಕಾಗಿ ಬಂದರೆ ಅದಕ್ಕೆ ಸಂಕೋಚಪಡಬೇಕಾಗಿಲ್ಲ.

ಇನ್ನು ವೇಗದ ಮಾತು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಚಲನಚಿತ್ರ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ನಮ್ಮ ದೂರದರ್ಶನದ ಪದ್ಧತಿಯಲ್ಲಿ ಸೆಕೆಂಡಿಗೆ 25. ಹಳೆಯ ಚಿತ್ರವನ್ನು ಆ ಪದ್ಧತಿಗೆ ಇಳಿಸುವಾಗ ಅದನ್ನು 25ರ ವೇಗದಲ್ಲಿಯೇ ಓಡಿಸಿಬಿಡುವುದು ರೂಢಿ. ಆಗ ಶೇಕಡಾ 4ರಷ್ಟು ವೇಗ ಹೆಚ್ಚಿ, 200 ಸೆಕೆಂಡಿನ ಹಾಡು 192 ಸೆಕೆಂಡಿಗೆ ಮುಗಿಯುತ್ತದೆ. ದನಿಯೂ ಏರುತ್ತದೆ. ಪೇಟಿಯ ಲೆಕ್ಕದಲ್ಲಿ ಹೇಳಬೇಕೆಂದರೆ ಕರಿ ಒಂದರಲ್ಲಿ ಹಾಡಿದ್ದು ಬಿಳಿ ಎರಡರ ಹತ್ತಿರ ಹೋಗಿ ನಿಲ್ಲುತ್ತದೆ. ಟಿ.ವಿ.ಯಲ್ಲಿ ಬಂದ ಚಿತ್ರವನ್ನು ಟೇಪು ಮಾಡಿಕೊಂಡು, ಚಿತ್ರದಲ್ಲಿ ಅಮೀರಬಾಯಿ ಇನ್ನೂ ಎಳೆಯ ದನಿಯಲ್ಲಿ ಹಾಡಿದ್ದಾಳೆ, ತಟ್ಟೆಯಲ್ಲಿ ದನಿ ಭಾರವಾಗಿದೆ ಎಂದು ವಾದಿಸುವವರು ಯಂತ್ರದ ಚೇಷ್ಟೆಯನ್ನು ಗಾಯಕಿಯ ತಲೆಗೆ ಕಟ್ಟುತ್ತಾರೆ.

ತಟ್ಟೆಯೂ ಸಾಚಾ ಅಲ್ಲ. 78 ಎನ್ನುವುದು ಹೆಸರಿಗೆ. ಕೊರೆದ ಯಂತ್ರ ನಿಮಿಷಕ್ಕೆ 80 ಸುತ್ತು ತಿರುಗಿದ್ದು, ಕೇಳಿಸುವ ಯಂತ್ರ 78 ತಿರುಗಿದರೆ ದನಿ ಸುಮಾರು ಅರ್ಧ ಸ್ವರಸ್ಥಾನ ಇಳಿಯುತ್ತದೆ. ಕೀಲಿ ಕೊಟ್ಟು ತಿರುಗಿಸುವ ಫೋನೋದ ಸ್ಪ್ರಿಂಗು ಸಡಿಲವಾಗಿದ್ದರೆ ಹಾಡಿನ ಕೊನೆಗೆ ಗಾಯಕಿ ಜೋಲಿ ಹೊಡೆಯುತ್ತಾಳೆ. ಆದ್ದರಿಂದ ಪರದೆಯ ದನಿಯನ್ನೂ ತಟ್ಟೆಯ ದನಿಯನ್ನೂ ಹೋಲಿಸುವವನು ಮೊದಲು ಎರಡನ್ನೂ ಒಂದು ಶ್ರುತಿಗೆ ತರಬೇಕು. ಆಮೇಲೆ ಉಳಿದ ವ್ಯತ್ಯಾಸವೇ ನಿಜವಾದ ವ್ಯತ್ಯಾಸ.

ಹೊರದೇಶಗಳಲ್ಲಿಯೂ ಈ ಪ್ರಶ್ನೆ ಹಳೆಯದು, ಆದರೆ ಅಲ್ಲಿ ಅದು ಹಾಡಿಗಿಂತ ಹೆಚ್ಚಾಗಿ ಹಿನ್ನೆಲೆ ವಾದ್ಯಸಂಗೀತಕ್ಕೆ ಸಂಬಂಧಿಸಿದ್ದು. 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್' ಚಿತ್ರದ ಸಂಗೀತವೆಂದು ಜನ ಮನೆಮನೆಯಲ್ಲಿ ಕೇಳಿದ ತಟ್ಟೆಯು ಹೆನ್ರಿ ಮ್ಯಾನ್ಸಿನಿ ತಟ್ಟೆಗೆಂದೇ ಬೇರೆಯಾಗಿ ನುಡಿಸಿದ್ದು. ಚಿತ್ರದಲ್ಲಿದ್ದ ನಿಜವಾದ ಸಂಗೀತ ಮಾರಾಟಕ್ಕೆ ಬರಲು 2013ನೇ ಇಸವಿಯಾಯಿತು. ಹಿಚ್‌ಕಾಕನ 'ಸೈಕೋ' ಚಿತ್ರಕ್ಕೆ ತಂತಿವಾದ್ಯಗಳಿಂದಲೇ ಭಯ ಹುಟ್ಟಿಸಿದ ಬರ್ನಾರ್ಡ್ ಹರ್ಮನ್ 1975ರಲ್ಲಿ ಅದೇ ಸಂಗೀತವನ್ನು ಮತ್ತೆ ಮುದ್ರಿಸಿದಾಗ ಲಯವನ್ನು ಸ್ಪಷ್ಟವಾಗಿ ನಿಧಾನಗೊಳಿಸಿದ. ಬರೆದವನೇ ನಿಧಾನ ಮಾಡಿದರೆ ತಪ್ಪೆನ್ನುವವರು ಯಾರು? ಆದರೂ ಚಿತ್ರದ ಚೂರಿಯ ಹರಿತ ಅದರಲ್ಲಿಲ್ಲವೆಂದು ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಇನ್ನೊಂದು ತುದಿಗೆ ಅಲೆಕ್ಸ್ ನಾರ್ತ್ ಇದ್ದಾನೆ. '2001: ಎ ಸ್ಪೇಸ್ ಒಡಿಸ್ಸಿ' ಚಿತ್ರಕ್ಕೆ ಅವನು ಬರೆದ ಸಂಗೀತವನ್ನು ಕ್ಯೂಬ್ರಿಕ್ ಬಳಸಲೇ ಇಲ್ಲ. ಅವನು ತೀರಿಕೊಂಡ ಮೇಲೆ, 1993ರಲ್ಲಿ, ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್ ಅದನ್ನು ಹೊಸದಾಗಿ ನುಡಿಸಿ ಹೊರತಂದ. ಜನ ಆ ಸಂಗೀತವನ್ನು ಮೊದಲು ಕೇಳಿದ್ದೇ ಮರುಮುದ್ರಣದಲ್ಲಿ.

ಬರೆದಿಟ್ಟ ಸ್ವರಲಿಪಿ ಇದ್ದಲ್ಲಿ ಮರುಮುದ್ರಣಕ್ಕೆ ನ್ಯಾಯವಿದೆ. ಸ್ವರಲಿಪಿಯೇ ಕೃತಿ, ನುಡಿಸುವವರು ಬದಲಾಗಬಹುದು. ಆದರೆ ಅಮೀರಬಾಯಿಯ ಹಾಡಿನಲ್ಲಿ ಕೃತಿ ಇರುವುದು ಕಂಠದಲ್ಲಿ. ಅವಳು ಮೂಗಿನ ಕಡೆಗೆ ಒಂದಿಷ್ಟು ವಾಲಿಸಿ, ಸಾಲಿನ ಕೊನೆಯಲ್ಲಿ ಬಿಡುವ ಆ ಸಣ್ಣ ತಿರುವನ್ನು ಯಾವ ಲಿಪಿಯೂ ಹಿಡಿಯುವುದಿಲ್ಲ.

ಈ ಸೀಮೆಯವರಿಗೆ ಮಾತ್ರ ಮರುಗಾಯನವೆಂದರೆ ಹೊಸದಲ್ಲ. ಮುಧೋಳ, ಜಮಖಂಡಿ, ಗೋಕಾಕದ ಸುತ್ತಲಿನ ಹಳ್ಳಿಗಳು ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಕೇಳಿ ಬೆಳೆದವು. ಅಪರಾಳ ತಮ್ಮಣ್ಣ ಕಟ್ಟಿದ ಆ ಆಟವನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ, ಕೌಜಲಗಿ ನಿಂಗಮ್ಮ ತನ್ನ ಕಂಠದಿಂದ ಅದಕ್ಕೆ ಹೆಸರು ತಂದಳು. ಅದರಲ್ಲಿ ಮೂಲ ಮುದ್ರಿಕೆ ಯಾವುದು? ಪ್ರತಿ ರಾತ್ರಿಯದೂ ಮೂಲವೇ. ಬಯಲಾಟ ನೋಡಿದ ಕಿವಿ 'ಮೂಲ'ದ ಹಟವನ್ನು ಅಷ್ಟು ಬೇಗ ಒಪ್ಪುವುದಿಲ್ಲ, ಅದು ಸಹಜ.

ಅಮೀರಬಾಯಿಯ ಸೋದರಿ ಗೋಹರಬಾಯಿಯ ಕತೆ ಈ ಮಾತಿಗೆ ಇನ್ನಷ್ಟು ಹತ್ತಿರದ್ದು. ಮರಾಠಿ ರಂಗಭೂಮಿಯ ಬಾಲಗಂಧರ್ವರು ದಶಕಗಟ್ಟಲೆ ಸ್ತ್ರೀಪಾತ್ರಗಳಲ್ಲಿ ಮೆರೆದವರು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳದಂಥ ಸಂಸ್ಥಾನಗಳಿದ್ದ ಈ ಭಾಗದಲ್ಲಿ ಮರಾಠಿ ನಾಟ್ಯಸಂಗೀತಕ್ಕೆ ಕಿವಿಗಳು ಕಡಿಮೆಯೇನಿರಲಿಲ್ಲ. 1935ರಲ್ಲಿ ಪ್ರಭಾತ್ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಬಾಲಗಂಧರ್ವರು ಗಂಡುವೇಷ ತೊಟ್ಟು ಏಕನಾಥರಾದರು. 1938ರ ಹೊತ್ತಿಗೆ ಗೋಹರಬಾಯಿ ಅವರ ನಾಟಕ ಮಂಡಳಿಗೆ ಬಂದಳು. ಬಾಲಗಂಧರ್ವರು ಹಾಡುತ್ತಿದ್ದ ನಾಯಕಿಯರ ಪಾತ್ರಗಳನ್ನು ಅವರದೇ ಶೈಲಿಯಲ್ಲಿ ಅವಳು ಹಾಡತೊಡಗಿದಳು. ಹೆಣ್ಣಿನಂತೆ ಹಾಡಿದ ಗಂಡಿನ ದನಿಯನ್ನು ಒಂದು ಹೆಣ್ಣು ಮರಳಿ ಅನುಕರಿಸಿದಳು. ಇದರಲ್ಲಿ ಅಸಲು ಯಾವುದು, ನಕಲು ಯಾವುದು ಎಂದು ತೂಗಲು ಕುಳಿತವನ ತಕ್ಕಡಿ ಮುರಿದೀತು. ಮುಂದೆ 2011ರಲ್ಲಿ ಮರಾಠಿಯಲ್ಲಿ 'ಬಾಲಗಂಧರ್ವ' ಚಿತ್ರ ಬಂದಾಗ ಆ ಹಳೆಯ ಪದಗಳನ್ನು ಆನಂದ ಭಾಟೆ ಹೊಸದಾಗಿ ಹಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಬಾಲಗಂಧರ್ವರ ಹಳೆಯ ತಟ್ಟೆಗಳ ಗರಗರ ಸದ್ದು ಸಹಿಸಲಾರದ ಎಳೆಯರು ಭಾಟೆಯವರ ಮೂಲಕವೇ ನಾಟ್ಯಸಂಗೀತಕ್ಕೆ ಕಾಲಿಟ್ಟರೆ ಅದರಲ್ಲಿ ನಷ್ಟವಿಲ್ಲ. ಆ ಮುದ್ರಿಕೆ ತನ್ನ ಹೆಸರಿನಲ್ಲಿಯೇ ಬಂದಿದೆ, ಬೇರೆಯವರ ಹೆಸರು ಹೊತ್ತು ಬಂದಿಲ್ಲ.

ಹೆಸರಿನ ಮಾತು ಬಂದಾಗ ಇನ್ನೊಂದು ಎಚ್ಚರಿಕೆ. ಹಳೆಯ ತಟ್ಟೆಗಳ ರಾಶಿಯಲ್ಲಿ 'ಗೋಹರ್' ಎಂದು ಕಂಡ ಕೂಡಲೇ ಬೀಳಗಿಯವಳೆಂದು ಹಿಗ್ಗಬಾರದು. 1902ರಲ್ಲಿಯೇ ಕಲಕತ್ತೆಯಲ್ಲಿ ತಟ್ಟೆಗೆ ಹಾಡಿದ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೋಹರ್ ಜಾನ್ ಬೇರೆ. ರಣಜಿತ್ ಮೂವಿಟೋನಿನ ನಟಿ ಮಿಸ್ ಗೋಹರ್ ಬೇರೆ. ಗೋಹರಬಾಯಿ ಕರ್ನಾಟಕಿ ಮೂರನೆಯವಳು. ಇನ್ನು ಚಿತ್ರಗೀತೆಯ ತಟ್ಟೆಗಳಲ್ಲಿ ಗಾಯಕಿಯ ಹೆಸರಿನ ಜಾಗದಲ್ಲಿ ಪಾತ್ರದ ಹೆಸರನ್ನೇ ಅಚ್ಚು ಹಾಕಿದ್ದೂ ಉಂಟು. 1949ರ 'ಮಹಲ್' ಚಿತ್ರದಲ್ಲಿ ಲತಾ ಹಾಡಿದ ತಟ್ಟೆಯ ಮೇಲೆ ಇದ್ದ ಹೆಸರು 'ಕಾಮಿನಿ', ಪರದೆಯ ಮೇಲಿನ ಪಾತ್ರದ್ದು. ಕಾಗದದ ಚೀಟಿಗಿಂತ, ತಟ್ಟೆಯ ಒಳಸುತ್ತಿನ ನುಣುಪು ಜಾಗದಲ್ಲಿ ಒತ್ತಿರುವ ಸಣ್ಣ ಅಂಕಿ ಹೆಚ್ಚು ನಂಬಿಕೆಯದು. ಎರಡು ತಟ್ಟೆಗಳ ಮೇಲೆ ಆ ಅಂಕಿ ಒಂದೇ ಇದ್ದರೆ ಚೀಟಿಯ ಬಣ್ಣ ಏನೇ ಇರಲಿ, ಮುದ್ರಣ ಒಂದೇ.

ಈಗ ನಾಲ್ಕನೆಯ ರೂಪ, ಅಂದರೆ ಬೇರೆಯವರು ಹಾಡಿದ್ದು. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಗಿ ಸಂತೆಗೆ ಬಂದಾಗ ಇದು ಪ್ರವಾಹದಂತೆ ಹರಿಯಿತು. ಹಳೆಯ ಮುದ್ರಣದ ಹಕ್ಕು ದೊಡ್ಡ ಕಂಪನಿಯ ಕೈಯಲ್ಲಿತ್ತು. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಒಂದು ಬಾಗಿಲು ತೆರೆದಿತ್ತು. ನೋಟೀಸು ಕೊಟ್ಟು, ಗೊತ್ತಾದ ರಾಯಧನ ಕಟ್ಟಿ, ಹಳೆಯ ಹಾಡನ್ನು ಯಾರು ಬೇಕಾದರೂ ಹೊಸದಾಗಿ ಹಾಡಿಸಿ ಮಾರಬಹುದಿತ್ತು. ಟಿ-ಸೀರೀಸಿನಂಥ ಕಂಪನಿಗಳು ಈ ಬಾಗಿಲಿನಿಂದಲೇ ಒಳಬಂದು ಬೆಳೆದವು. ಹೊಸ ಗಾಯಕ ಗಾಯಕಿಯರಿಗೆ ಅನ್ನ ಸಿಕ್ಕಿತು, ಬಡವನಿಗೆ ಹಾಡು ಸಿಕ್ಕಿತು. ಇದನ್ನು ಕಳ್ಳವ್ಯಾಪಾರವೆಂದು ಬೈಯುವುದು ಸರಿಯಲ್ಲ. 2012ರ ತಿದ್ದುಪಡಿ ಆ ಬಾಗಿಲನ್ನು ಕಿರಿದು ಮಾಡಿತು. ಈಗ ಮೊದಲ ಮುದ್ರಣದ ನಂತರ ಐದು ವರ್ಷ ಕಾಯಬೇಕು. ಹೊದಿಕೆಯ ಮೇಲೆ ಮೊದಲು ಹಾಡಿದವರ ಹೆಸರಾಗಲಿ ಚಿತ್ರವಾಗಲಿ ಇರಕೂಡದು, ಇದು ಮರುಗಾಯನವೆಂದು ಬರೆದಿರಲೇಬೇಕು. ಕೊಳ್ಳುವವನು ಹೊದಿಕೆಯ ಸಣ್ಣ ಅಕ್ಷರ ಓದಬೇಕಾದದ್ದು ಇದಕ್ಕಾಗಿ.

ಮೂರನೆಯ ರೂಪದಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ಸುಳ್ಳು ಹೇಳುವುದಿಲ್ಲ, ಅರ್ಧ ನಿಜ ಹೇಳುತ್ತದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. 1943ರಲ್ಲಿ ಹೊರಬಂದ ತಟ್ಟೆಯ ಹಕ್ಕು 2003ರ ಕೊನೆಗೆ ಮುಗಿಯಿತು. ಆಮೇಲೆ ಯಾರು ಬೇಕಾದರೂ ಆ ತಟ್ಟೆಯನ್ನು ಪ್ರತಿ ಮಾಡಬಹುದಾಯಿತು. ಆದರೆ ಪ್ರದೀಪರು 1998ರವರೆಗೆ, ಅನಿಲ್ ಬಿಸ್ವಾಸರು 2003ರವರೆಗೆ ಬದುಕಿದ್ದರಿಂದ ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಇನ್ನೂ ಜೀವಂತ, ಅದು ಬೇರೆ ಲೆಕ್ಕ. ಹೀಗೆ ಪ್ರತಿ ಮಾಡಿದವರಲ್ಲಿ ಕೆಲವರು ಗರಗರ ಸದ್ದನ್ನು ಸೋಸಲು ಹೋಗಿ ದನಿಯನ್ನೂ ಸೋಸಿಬಿಡುತ್ತಾರೆ. ಸದ್ದೂ ಗಾಯಕಿಯ ಉಸಿರೂ ಒಂದೇ ಎತ್ತರದಲ್ಲಿ ವಾಸಿಸುತ್ತವೆ, ಒಂದನ್ನು ಕಿತ್ತರೆ ಇನ್ನೊಂದು ಬರುತ್ತದೆ. ಉಳಿಯುವುದು ಕಂಬಳಿ ಹೊದ್ದು ಹಾಡಿದಂಥ ಅಮೀರಬಾಯಿ. ಇನ್ನು ಒಂದು ಕಾಲಕ್ಕೆ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಮೊಳಗಿದ 'ಝಂಕಾರ್ ಬೀಟ್ಸ್' ಕ್ಯಾಸೆಟ್ಟುಗಳು ಹಳೆಯ ದನಿಗೆ ಹೊಸ ಡ್ರಮ್ಮು, ಪ್ರತಿಧ್ವನಿ ಅಂಟಿಸಿದವು. ಬನಹಟ್ಟಿಯ ಪವರ್‌ಲೂಮಿನ ಸದ್ದಿನ ನಡುವೆ ಕೇಳಿಸಬೇಕಾದರೆ ಅದೇ ಸರಿಯೆಂದು ಯಾರಾದರೂ ನಗೆಯಾಡಬಹುದು. ಸಂಗ್ರಹದಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಕೈಯಲ್ಲಿ ದುಡ್ಡು ಕಡಿಮೆ, ಒಂದನ್ನೇ ಕೊಳ್ಳಬೇಕೆಂದರೆ ಅಮೀರಬಾಯಿಯ ಒಂಟಿ ಹಾಡುಗಳಿಗೆ ಬಿರುಕಿಲ್ಲದ ಹಳೆಯ ತಟ್ಟೆ, ಇಲ್ಲವೇ ಹೆಚ್ಚು ಸೋಸದ ಅದರ ಪ್ರತಿ. ಅವಳು ಮೈಕಿನ ಹತ್ತಿರ ನಿಂತು, ಕೇಳುವವನ ಮನೆಗೆಂದೇ ಹಾಡಿದ ರೂಪ ಅದು. ಮೇಳಗೀತೆ, ಯುಗಳಗೀತೆ, ಮಾತು ಬೆರೆತ ಹಾಡುಗಳಿಗೆ ಚಿತ್ರದ ದನಿ. 'ತಟ್ಟೆಯದು ಮರುಮುದ್ರಣ, ಆದ್ದರಿಂದ ಕೀಳು' ಎಂದು ಕೆಲವರು ಹಟ ಮಾಡುವುದುಂಟು. ಅದೇ ಗಾಯಕಿ, ಅದೇ ವರ್ಷ, ಅದೇ ಸಂಗೀತ ನಿರ್ದೇಶಕನ ಹಾಡು. ಮತ್ತೆ ಹಾಡಿದ್ದಕ್ಕೆ ಅದು ಕೀಳಾಗುವುದಾದರೆ ಪಾರಿಜಾತದ ಎರಡನೆಯ ರಾತ್ರಿಯೇ ನಡೆಯಬಾರದಿತ್ತು. ಬೇರೆ ದನಿಯ ಮರುಗಾಯನವನ್ನು ಕೊಂಡರೂ ಕೊಳ್ಳಲಿ, ಆದರೆ ಅದನ್ನು ಹಾಡಿದವರ ಹೆಸರಿನ ಕೆಳಗೆ ಇಡಬೇಕು, ಅಮೀರಬಾಯಿಯ ಕಪಾಟಿನಲ್ಲಲ್ಲ.

ಎಷ್ಟೋ ಕಡೆ ಈ ಆಯ್ಕೆಯೇ ಇಲ್ಲವೆಂಬುದೂ ನಿಜ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾಯಿತು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಅಂದಿನ ಫಿಲ್ಮು ನೈಟ್ರೇಟಿನದು, ಕಿಡಿ ತಾಗಿದರೆ ಸಾಕು. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಹಳೆಯ ಚಿತ್ರಗಳ ಸುರುಳಿಗಳು ರಾಶಿ ರಾಶಿ ಸುಟ್ಟುಹೋದವು. ಹೀಗೆ ಪರದೆ ಹರಿದುಹೋದ ಕಡೆಗಳಲ್ಲಿ ಅರಗಿನ ತಟ್ಟೆಯೇ ಉಳಿದಿರುವ ಏಕೈಕ ಸಾಕ್ಷಿ. ಆ ತಟ್ಟೆಯೂ ಕೈಜಾರಿದರೆ ಚೂರು. ಅಟ್ಟದ ಮೇಲೆ ಇಂಥವು ಇದ್ದವರು ಒಂದರ ಮೇಲೊಂದು ಪೇರಿಸದೆ ಅಂಚಿನ ಮೇಲೆ ನಿಲ್ಲಿಸಿ ಇಡಬೇಕು, ಸ್ಪಿರಿಟ್ಟು ಹಾಕಿ ಒರೆಸಬಾರದು, ಅರಗು ಕರಗುತ್ತದೆ. ಸವೆದ ಉಕ್ಕಿನ ಮುಳ್ಳಿನಿಂದ ಕೇಳಬಾರದು, ಮುಳ್ಳು ಪ್ರತಿ ಮಗ್ಗುಲಿಗೂ ಹೊಸದಾಗಬೇಕು. ಪ್ರತಿ ಮಾಡಿಸುವಾಗ ಮೊದಲು ಏನನ್ನೂ ಸೋಸದೆ ಗರಗರ ಸದ್ದಿನ ಸಮೇತ ಒಂದು ಪ್ರತಿ ತೆಗೆದಿಡಬೇಕು. ಅದರ ಜೊತೆಗೆ ಎರಡೂ ಮಗ್ಗುಲಿನ ಚೀಟಿಯ ಫೋಟೋ, ಒಳಸುತ್ತಿನ ಅಂಕಿ, ಯಾವ ವೇಗದಲ್ಲಿ ತಿರುಗಿಸಿದ್ದು ಎಂಬ ಒಂದು ಸಾಲು.